ಎಂಜಿನ್ ಸೈಕಲ್ಲಿನ ಟ್ಯಾಪೆಟ್ ಹೊಂದಿಸುವುದು ಹೇಗೆ?

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳದ್ದು ಟೂ ಸ್ಟ್ರೋಕ್ ಎಂಜಿನ್. ಅವುಗಳಲ್ಲಿ ಟ್ಯಾಪೆಟ್, ಅಂದರೆ ಇಂಧನ ಒಳಬರಲು ಮತ್ತು ಹೊಗೆ ಹೊರಹೋಗಲು ತೆರೆದು ಮುಚ್ಚುವ ವಾಲ್ವುಗಳನ್ನು ಒತ್ತುವ ಏರ್ಪಾಡು, ಇರಲೇ ಇಲ್ಲ. ಆ ಬೈಕುಗಳ ಸದ್ದಿಗೆ ಕಿವಿ ಒಗ್ಗಿಸಿಕೊಂಡ ಊರಿನಲ್ಲಿ, ಹಳೆಯ ಮಾದರಿಯ ಸೈಕಲ್ಲಿಗೆ ಪುಟ್ಟ ಫೋರ್ ಸ್ಟ್ರೋಕ್ ಎಂಜಿನ್ ಕೂರಿಸಿಕೊಂಡ ಹವ್ಯಾಸಿಗಳು ಎಂಜಿನ್ನಿನ ತಲೆಯಿಂದ ಬರುವ ಟಿಕ್ ಟಿಕ್ ಸದ್ದಿಗೆ ಗಾಬರಿಯಾಗುವುದು ಸಹಜ. ಆದರೆ ಆ ಸದ್ದನ್ನು ಪೂರ್ತಿ ಅಡಗಿಸಲು ಹೊರಟರೆ ಎಂಜಿನ್ನಿಗೇ ಕುತ್ತು.

ವಾಲ್ವನ್ನು ಒತ್ತಿ ತೆರೆಯುವ ಸನ್ನೆಯಾದ ರಾಕರ್ ಆರ್ಮ್ ಮತ್ತು ವಾಲ್ವಿನ ಕಡ್ಡಿಯ ತುದಿಯ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಈ ಸಂದನ್ನು ಸರಿಯಾದ ಅಳತೆಗೆ ತರುವುದೇ ಟ್ಯಾಪೆಟ್ ಹೊಂದಿಸುವುದು. ಬಿಸಿಯೇರಿದಾಗ ವಾಲ್ವ್ ಉದ್ದಕ್ಕೆ ಹಿಗ್ಗುತ್ತದೆ. ಆಗ ಸಂದು ಇಲ್ಲವಾದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ವಾಲ್ವಿನ ಬಿಸಿಯ ಬಹುಪಾಲು ಸೀಟಿನ ಮೂಲಕವೇ ಹೊರಹೋಗಬೇಕಾದ್ದರಿಂದ, ಸರಿಯಾಗಿ ಕೂರದ ಎಕ್ಸಾಸ್ಟ್ (ಹೊಗೆ ಹೊರಬಿಡುವ) ವಾಲ್ವಿನ ಅಂಚು ಸುಡತೊಡಗುತ್ತದೆ, ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಸೋರುತ್ತದೆ, ಚಾಮುಂಡಿ ಬೆಟ್ಟದ ಏರು ಹತ್ತಿ ಕಾದ ಎಂಜಿನ್ ಒಮ್ಮೆ ನಿಂತರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಸಂದು ಹೆಚ್ಚಾದರೆ ಸದ್ದು ಬಂದು ಎಚ್ಚರಿಸುತ್ತದೆ; ಕಡಿಮೆಯಾದರೆ ಎಂಜಿನ್ ಸದ್ದಿಲ್ಲದೆ ಹಾಳಾಗುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ರಾತ್ರಿಯೆಲ್ಲ ನಿಲ್ಲಿಸಿದ ಮೇಲೆ ಬೆಳಗ್ಗೆ ಈ ಕೆಲಸಕ್ಕೆ ಕೂರಬೇಕು. ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ತಗಡುಗಳ ಅಳತೆಯ ಸಾಧನ), ಹೊಂದಿಸುವ ಸ್ಕ್ರೂ ಕದಲದಂತೆ ಹಿಡಿಯುವ ಲಾಕ್ ನಟ್ಟಿಗೆ ಹೊಂದುವ ಸ್ಪಾನರ್, ಪ್ಲಗ್ ಸ್ಪಾನರ್ ಮತ್ತು ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು. ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ಗಿನ ಸುತ್ತಲಿನ ಹಾಗೂ ವಾಲ್ವ್ ಮುಚ್ಚಳದ ಅಂಚಿನ ದೂಳನ್ನು ಮೊದಲೇ ಒರೆಸಿ. ಮಂಡ್ಯದ ಕಬ್ಬಿನ ಗದ್ದೆಗಳ ಕಡೆ ಓಡಾಡಿದ ಗಾಡಿಯಾದರೆ ಎಣ್ಣೆಗೆ ಅಂಟಿದ ಮಣ್ಣು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಅದು ಒಳಗೆ ಬೀಳಬಾರದು. ಬಳಿಕ ಪ್ಲಗ್ ಮತ್ತು ಮುಚ್ಚಳ ಎರಡನ್ನೂ ಬಿಚ್ಚಿ. ಗ್ಯಾಸ್ಕೆಟ್ ಹರಿಯದಂತೆ ನೋಡಿಕೊಳ್ಳಿ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಪಿಸ್ಟನ್ ಮೇಲ್ತುದಿಗೆ ಬರುವುದು ಪ್ರತಿ ಎರಡು ಸುತ್ತಿಗೆ ಎರಡು ಸಲ, ನಮಗೆ ಬೇಕಾದದ್ದು ಅವುಗಳಲ್ಲಿ ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ನಿನ ಸಲ ಮಾತ್ರ. ಪ್ಲಗ್ಗಿನ ರಂಧ್ರಕ್ಕೆ ಹೆಬ್ಬೆರಳು ಒತ್ತಿ ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಿದರೆ, ಗಾಳಿ ಬೆರಳನ್ನು ತಳ್ಳುವುದು ತಿಳಿಯುತ್ತದೆ. ಆಗ ರಂಧ್ರದೊಳಗೆ ಪ್ಲಾಸ್ಟಿಕ್ ಸ್ಟ್ರಾ ಒಂದನ್ನು ಇಳಿಬಿಟ್ಟು, ಅದು ಏರುವುದು ನಿಲ್ಲುವವರೆಗೆ ತಿರುಗಿಸಿ. ಉಕ್ಕಿನ ಕಡ್ಡಿ ಬೇಡ, ಪಿಸ್ಟನ್ನಿಗೆ ಗೀರು ಬಿದ್ದೀತು. ಈ ಜಾಗದಲ್ಲಿ ಎರಡೂ ರಾಕರ್‌ಗಳು ತುಸು ಸಡಿಲವಾಗಿ ಅಲುಗಬೇಕು. ತುಸು ಹಿಂದೆ ಮುಂದೆ ತಿರುಗಿಸಿದಾಗ ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯತೊಡಗಿದರೆ ಅದು ಬೇರೆಯ ಸಲ, ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಕೆಲವು ಸಣ್ಣ ಎಂಜಿನ್ನುಗಳಲ್ಲಿ ಸ್ಟಾರ್ಟ್ ಮಾಡುವುದು ಸುಲಭವಾಗಲೆಂದು ಎಕ್ಸಾಸ್ಟ್ ವಾಲ್ವನ್ನು ಒಂದಿಷ್ಟು ಎತ್ತುವ ಏರ್ಪಾಡು ಇರುತ್ತದೆ. ಅಂಥವುಗಳಲ್ಲಿ ಪಿಸ್ಟನ್ ಮೇಲ್ತುದಿಯನ್ನು ದಾಟಿ ತುಸು ಕೆಳಗಿಳಿದ ಮೇಲೆ ಅಳೆಯುವುದೇ ಸರಿ.

ಕಾರ್ಬೊರೇಟರ್ ಕಡೆಯದ್ದು ಇನ್‌ಲೆಟ್, ಸೈಲೆನ್ಸರ್ ಕಡೆಯದ್ದು ಎಕ್ಸಾಸ್ಟ್. ಇಂಥ ಎಂಜಿನ್ನುಗಳಲ್ಲಿ ಸಂದು ಸಾಮಾನ್ಯವಾಗಿ 0.10 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ, ಹೆಚ್ಚು ಕಾಯುವ ಎಕ್ಸಾಸ್ಟಿಗೆ ಅನೇಕ ತಯಾರಕರು ತುಸು ಹೆಚ್ಚು ಹೇಳಿರುತ್ತಾರೆ. ಎಂಜಿನ್ನಿನ ಕೈಪಿಡಿಯ ಅಂಕಿಯೇ ಅಂತಿಮ. ಆ ಅಳತೆಯ ತಗಡನ್ನು ರಾಕರ್ ಮತ್ತು ವಾಲ್ವ್ ತುದಿಯ ನಡುವೆ ತೂರಿಸಿದಾಗ ಅದು ತುಸು ಹಿಡಿದಂತಾಗಿ ಸರಿಯಬೇಕು. ಗೇಜಿನಲ್ಲಿ ಅದಕ್ಕಿಂತ ಒಂದೆರಡು ಅಳತೆ ಹೆಚ್ಚು ದಪ್ಪದ ತಗಡು ಒಳಹೋಗಬಾರದು. ಹಿಡಿತದ ಅಂದಾಜು ಒಬ್ಬೊಬ್ಬರ ಕೈಗೆ ಒಂದೊಂದು ಬಗೆ, ಹಾಗಾಗಿ ಎರಡು ತಗಡಿನ ಈ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹ.

ಅಳತೆ ತಪ್ಪಿದ್ದರೆ ಲಾಕ್ ನಟ್ ಸಡಿಲಿಸಿ, ತಗಡನ್ನು ಸಂದಿನಲ್ಲೇ ಇಟ್ಟು ಸ್ಕ್ರೂ ಹೊಂದಿಸಿ. ಸ್ಕ್ರೂ ಕದಲದಂತೆ ಹಿಡಿದು ನಟ್ ಬಿಗಿಯುವಾಗ ಅಳತೆ ತುಸು ಜರುಗುವುದುಂಟು, ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ಅಳೆಯದೆ ಬಿಡಬೇಡಿ. ಸಣ್ಣ ಎಳೆಗಳ ನಟ್ಟಿಗೆ ವಿಪರೀತ ಬಲ ಹಾಕುವುದೂ ಸಲ್ಲ. ಎರಡೂ ವಾಲ್ವ್ ಮುಗಿದ ನಂತರ ಎಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಅದೇ ಜಾಗಕ್ಕೆ ತಂದು ಪುನಃ ಪರೀಕ್ಷಿಸಿ. ಬಳಿಕ ಗ್ಯಾಸ್ಕೆಟ್, ಮುಚ್ಚಳ. ಪ್ಲಗ್ಗನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ ಆಮೇಲೆ ಸ್ಪಾನರ್ ಹಾಕಿ.

ಸ್ಟಾರ್ಟ್ ಮಾಡಿದಾಗ ಮೆಲುವಾದ ಟಿಕ್ ಟಿಕ್ ಉಳಿದಿದ್ದರೆ ಅದು ಸರಿಯಾದ ಲಕ್ಷಣವೇ. (ಅಂದ ಹಾಗೆ, 25 ಸಿಸಿ ಮೀರಿದ ಎಂಜಿನ್ ಇರುವ ಸೈಕಲ್ ಕಾನೂನಿನ ಕಣ್ಣಿನಲ್ಲಿ ಮೋಟಾರು ವಾಹನವೇ ಆದ್ದರಿಂದ, ನೋಂದಣಿಯಿಲ್ಲದೆ ಪರೀಕ್ಷೆಗೆಂದೂ ರಸ್ತೆಗಿಳಿಸುವಂತಿಲ್ಲ.) ಹೊಸ ಎಂಜಿನ್ನಿನಲ್ಲಿ ಬಿಡಿಭಾಗಗಳು ಹೊಂದಿಕೊಳ್ಳುವವರೆಗೆ ಈ ಅಳತೆ ಬೇಗ ಬದಲಾಗುತ್ತದೆ, ನಂತರ ಸ್ಥಿರವಾಗುತ್ತದೆ. ಹಾಗಲ್ಲದೆ ಪ್ರತಿ ಸಲ ನೋಡಿದಾಗಲೂ ಎಕ್ಸಾಸ್ಟಿನ ಸಂದು ಕಿರಿದಾಗುತ್ತಲೇ ಹೋದರೆ ವಾಲ್ವ್ ಅಥವಾ ಅದರ ಸೀಟು ಸವೆಯುತ್ತಿದೆ ಎಂದರ್ಥ. ಆಗ ಸ್ಕ್ರೂ ತಿರುಗಿಸುತ್ತಾ ಕೂರದೆ, ಎಂಜಿನ್ ಹೆಡ್ಡನ್ನು ಬಿಚ್ಚಿ ಸೀಟು ಅರೆದುಕೊಡುವ ವರ್ಕ್‌ಶಾಪಿಗೆ ಒಯ್ಯಬೇಕು.