ಏಪ್ರಿಲ್ ಸೆಕೆಯಲ್ಲಿ ಈಸ್ಟರ್: ಗರಿಯ ಶಿಲುಬೆ, ಗೋಡಂಬಿ ಮೊಟ್ಟೆ, ಸಿಪ್ಪೆಯ ಬಣ್ಣ

ಈಸ್ಟರ್ ಹಬ್ಬಕ್ಕೆ ಮಕ್ಕಳನ್ನು ಕೂರಿಸಿಕೊಂಡು ಮನೆಯಲ್ಲೇ ಏನಾದರೂ ಮಾಡೋಣವೆಂದು ಹೊರಟವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿದೇಶದ ಅಡುಗೆಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರವೇ ಈಸ್ಟರ್ ಆಗಿರುವುದರಿಂದ, ಹಬ್ಬವು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ದಿನಕ್ಕಾದರೂ ಬೀಳಬಹುದು. 2025ರಲ್ಲಿ ಅದು ಏಪ್ರಿಲ್ 20ರಂದು ಬಂದಿತ್ತು, 2026ರಲ್ಲಿ ಏಪ್ರಿಲ್ 5ಕ್ಕೆ ಬಿದ್ದರೆ 2027ರಲ್ಲಿ ಮಾರ್ಚ್ 28ಕ್ಕೇ ಬರುತ್ತದೆ. ಹೇಗೆ ಲೆಕ್ಕ ಹಾಕಿದರೂ ನಮ್ಮಲ್ಲಿ ಅದು ಬೇಸಿಗೆಯೇ. ಚಾಕೊಲೇಟಿನಲ್ಲಿರುವ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ರಾಯಚೂರು, ಕಲಬುರಗಿಗಳ ಏಪ್ರಿಲ್ ಮಧ್ಯಾಹ್ನದಲ್ಲಿ ಮೇಜಿನ ಮೇಲಿಟ್ಟ ಚಾಕೊಲೇಟ್ ಮೊಟ್ಟೆ ಸಂಜೆಯವರೆಗೆ ಆಕಾರ ಉಳಿಸಿಕೊಂಡಿರುತ್ತದೆಂದು ನಿರೀಕ್ಷಿಸುವಂತಿಲ್ಲ. ಆದ್ದರಿಂದ ಸೆಕೆಗೆ ಅಂಜದ, ಮನೆಯಲ್ಲೇ ಇರುವ ಇಲ್ಲವೇ ಹತ್ತಿರದ ಅಂಗಡಿಯಲ್ಲಿ ಸಿಗುವ ಸಾಮಗ್ರಿಗಳಿಂದ ಆಗುವ ಕೆಲಸಗಳನ್ನಷ್ಟೇ ಇಲ್ಲಿ ಆಯ್ದುಕೊಂಡಿದೆ. ಎಲ್ಲವನ್ನೂ ಶನಿವಾರ ರಾತ್ರಿಗೆ ಗುಡ್ಡೆ ಹಾಕಿಕೊಳ್ಳುವ ಬದಲು ಈಸ್ಟರಿಗೆ ಮುಂಚಿನ ಪವಿತ್ರ ವಾರದ ದಿನಗಳಿಗೆ ಹಂಚಿಕೊಂಡರೆ ದೊಡ್ಡವರಿಗೂ ಉಸಿರಾಡಲು ಬಿಡುವಿರುತ್ತದೆ.

ಗರಿಗಳ ಭಾನುವಾರ

ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರದಂದು ಚರ್ಚಿನಿಂದ ತಂದ ತೆಂಗಿನ ಗರಿಯಿಂದಲೇ ಮೊದಲ ಕೈಗೆಲಸವನ್ನು ಆರಂಭಿಸಬಹುದು. ಎಳೆಯ ಗರಿಯ ಒಂದು ಎಲೆಯನ್ನು ತೆಗೆದುಕೊಂಡು ನಡುವಿನ ಕಡ್ಡಿಯನ್ನು ಸೀಳಿ ತೆಗೆದರೆ ಎರಡು ಉದ್ದನೆಯ ಪಟ್ಟಿಗಳು ಸಿಗುತ್ತವೆ. ಅವುಗಳಲ್ಲಿ ಒಂದನ್ನು ಸುಮಾರು 40 ಸೆಂಟಿಮೀಟರಿಗೆ ಕತ್ತರಿಸಿ ನಡುವೆ ಮಡಚಿದರೆ ಶಿಲುಬೆಯ ನಿಲುವು ಭಾಗ ಸಿದ್ಧವಾಗುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ ಕೆಳಗೆ ಬ್ಲೇಡಿನಿಂದ ಚಿಕ್ಕ ಸೀಳು ಮಾಡಿ (ಈ ಕೆಲಸ ದೊಡ್ಡವರದು), ಇನ್ನೊಂದು ಪಟ್ಟಿಯಿಂದ ಕತ್ತರಿಸಿಕೊಂಡ 12 ಸೆಂಟಿಮೀಟರಿನ ಅಡ್ಡತುಂಡನ್ನು ಅದರೊಳಗೆ ತೂರಿಸಬೇಕು. ಕೊನೆಗೆ ದಾರದಷ್ಟು ಸಣ್ಣಗೆ ಸೀಳಿದ ಎಳೆಯೊಂದನ್ನು ಕೂಡುವ ಜಾಗದಲ್ಲಿ ಓರೆಯಾಗಿ ಎರಡೂ ಕಡೆಯಿಂದ ಸುತ್ತಿ ಹಿಂದೆ ಗಂಟು ಹಾಕಿದರಾಯಿತು. ಗರಿ ಒಣಗುತ್ತಾ ಕುಗ್ಗುವುದರಿಂದ ಗಂಟು ಬಿಗಿಯಾಗಿರಲಿ. ಕೆಲಸ ಶುರುಮಾಡುವವರೆಗೆ ಗರಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮಡಚುವಾಗ ಮುರಿಯುವುದಿಲ್ಲ. ಆಶೀರ್ವದಿಸಿದ ಗರಿಯ ಚೂರುಗಳನ್ನು ಕಸದ ಬುಟ್ಟಿಗೆ ಹಾಕುವ ರೂಢಿಯಿಲ್ಲ. ಹಳೆಯ ಗರಿಗಳನ್ನು ಸುಟ್ಟು ಮುಂದಿನ ವರ್ಷ ತಪಸ್ಸುಕಾಲ ಆರಂಭವಾಗುವ ಬೂದಿ ಬುಧವಾರಕ್ಕೆ ಬೂದಿ ಮಾಡುವ ಪದ್ಧತಿ ಇರುವುದರಿಂದ, ಉಳಿದ ಚೂರುಗಳನ್ನೂ ಕಟ್ಟಿಟ್ಟು ಚರ್ಚಿಗೆ ಮರಳಿಸಬಹುದು.

ಅದೇ ಸಂಜೆ ಮೊಟ್ಟೆಯ ಚಿಪ್ಪಿನಲ್ಲಿ ಪೈರು ಬಿತ್ತಬೇಕು, ಏಕೆಂದರೆ ಅದು ಬೆಳೆಯಲು ವಾರವೇ ಬೇಕು. ಅಡುಗೆಗೆ ಮೊಟ್ಟೆ ಒಡೆಯುವಾಗ ಮೇಲ್ಭಾಗವನ್ನಷ್ಟೇ ಚಮಚದಿಂದ ತಟ್ಟಿ ತೆಗೆದು, ಉಳಿದ ಚಿಪ್ಪನ್ನು ಬಿಸಿನೀರಿನಲ್ಲಿ ತೊಳೆದು, ತಳಕ್ಕೆ ಸೂಜಿಯಿಂದ ರಂಧ್ರ ಮಾಡಿ ಒಣಗಿಸಿಕೊಳ್ಳಬೇಕು. ಮಕ್ಕಳು ಚಿಪ್ಪಿನ ಮೇಲೆ ಕಣ್ಣು, ಮೂಗು, ಮೀಸೆ ಬರೆದು ಮುಗಿಸಿದ ನಂತರವೇ ಒಳಗೆ ತೆಂಗಿನ ನಾರಿನ ಪುಡಿ ಅಥವಾ ಒದ್ದೆ ಹತ್ತಿ ತುಂಬಿ, ಹಿಂದಿನ ರಾತ್ರಿ ನೆನೆಸಿಟ್ಟ ಮೆಂತ್ಯವನ್ನು ಒತ್ತಾಗಿ ಹರಡುವುದು ಅನುಕೂಲ. ಸಾಸಿವೆಯೂ ಆಗುತ್ತದೆ, ಆದರೆ ಮೆಂತ್ಯವೇ ಹೆಚ್ಚು ನಂಬಿಕಸ್ಥ. ಈ ಸೆಕೆಗೆ ಚಿಪ್ಪಿನಷ್ಟು ಪುಟ್ಟ ಕುಂಡ ಅರ್ಧ ದಿನದಲ್ಲೇ ಒಣಗುವುದರಿಂದ ಬೆಳಿಗ್ಗೆ ಸಂಜೆ ನೀರು ಚಿಮುಕಿಸುವ ಜವಾಬ್ದಾರಿಯನ್ನು ಒಂದು ಮಗುವಿಗೆ ಹೆಸರಿಟ್ಟು ಒಪ್ಪಿಸಿ. ಬೆಳಕು ಬೇಕು, ಮಧ್ಯಾಹ್ನದ ಬಿಸಿಲು ಬೇಡ. ಹಬ್ಬದ ಹೊತ್ತಿಗೆ ಆ ಮುಖಗಳಿಗೆಲ್ಲ ಹಸಿರು ಕೂದಲು ಬಂದಿರುತ್ತದೆ.

ಗೋಡಂಬಿ ಮೊಟ್ಟೆ

ಯುರೋಪಿನಲ್ಲಿ ಬಾದಾಮಿಯಿಂದ ಮಾಡುವ ಮಾರ್ಜಿಪಾನ್ ಎಂಬ ಸಿಹಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಗೋಡಂಬಿಯದಾಯಿತು. 16ನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರುಮರ ಈ ನೆಲದಲ್ಲಿ ಚೆನ್ನಾಗಿ ಬೇರೂರಿದ ಮೇಲೆ, ದುಬಾರಿ ಬಾದಾಮಿಯ ಬದಲು ಊರಿನದೇ ಬೀಜವನ್ನು ಗೋವಾದ ಮತ್ತು ಮಂಗಳೂರಿನ ಅಡುಗೆಮನೆಗಳು ಬಳಸಿಕೊಂಡವು. ಬೆಂಗಳೂರಿನಲ್ಲಿ 1902ರಲ್ಲಿ ಆರಂಭವಾದ ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿಯಂಥ ಹಳೆಯ ಅಂಗಡಿಗಳು ಹಬ್ಬದ ಹೊತ್ತಿಗೆ ಮಾರ್ಜಿಪಾನ್ ಮೊಟ್ಟೆಗಳನ್ನು ಮಾರುತ್ತವೆ. ಮನೆಯಲ್ಲಿ ಮಾಡಿದಾಗ ಸಿಗುವ ದೊಡ್ಡ ಲಾಭವೆಂದರೆ ಮಕ್ಕಳಿಗೆ ನಿಜವಾಗಿ ಕೆಲಸ ಸಿಗುತ್ತದೆ: ನಾದುವುದು, ಅಚ್ಚಿಗೆ ಒತ್ತುವುದು, ಅಂಟಿಸುವುದು, ಹೆಸರು ಬರೆಯುವುದು ಎಲ್ಲವೂ ಅವರ ಕೈಗೆ ಎಟುಕುವಂಥವು. ಒಲೆಯ ಮುಂದಿನ ಕೆಲಸ ಮಾತ್ರ ದೊಡ್ಡವರದು.

ಇದನ್ನು ಮಂಗಳವಾರ ಅಥವಾ ಬುಧವಾರ ಮಾಡಿಕೊಳ್ಳುವುದು ಒಳ್ಳೆಯದು. ಶುಭ ಶುಕ್ರವಾರ ಉಪವಾಸದ, ಮೌನದ ದಿನವಾದ್ದರಿಂದ ಅಂದು ಸಿಹಿಯ ಪಾಕಕ್ಕೆ ಒಲೆ ಹಚ್ಚುವುದು ಅನೇಕ ಮನೆಗಳಲ್ಲಿ ಒಪ್ಪುವುದಿಲ್ಲ. ಜೊತೆಗೆ ಮೊಟ್ಟೆಗಳು ಗಟ್ಟಿಯಾಗಲು ಒಂದೆರಡು ದಿನ ಬೇಕೇ ಬೇಕು.

ಬೇಕಾಗುವುದು 250 ಗ್ರಾಂ ಗೋಡಂಬಿ, 200 ಗ್ರಾಂ ಸಕ್ಕರೆ, 100 ಮಿಲಿಲೀಟರ್ ನೀರು, ಒಂದು ಟೀ ಚಮಚ ತುಪ್ಪ ಮತ್ತು ಎರಡು ಟೀ ಚಮಚ ಪನ್ನೀರು. ಇಷ್ಟರಿಂದ ಕೋಳಿಮೊಟ್ಟೆಯ ಗಾತ್ರದ ಗಟ್ಟಿ ಮೊಟ್ಟೆಗಳು ಏಳರಷ್ಟು, ಪಾರಿವಾಳದ ಮೊಟ್ಟೆಯಷ್ಟು ಚಿಕ್ಕವಾದರೆ ಸುಮಾರು ಇಪ್ಪತ್ತು ಆಗುತ್ತವೆ. ಹಳೆಯ ವಿಧಾನಗಳಲ್ಲಿ ಮೊಟ್ಟೆಯ ಬಿಳಿಯನ್ನೂ ಸೇರಿಸುತ್ತಾರೆ. ಇಲ್ಲಿ ಅದನ್ನು ಕೈಬಿಟ್ಟಿರುವುದರಿಂದ ಮೊಟ್ಟೆ ತಿನ್ನದ ನೆರೆಮನೆಯವರಿಗೂ ಸಂಕೋಚವಿಲ್ಲದೆ ಹಂಚಬಹುದು.

ಗೋಡಂಬಿಯನ್ನು ನೆನೆಸಬಾರದು, ಹುರಿಯಲೂ ಬಾರದು. ಫ್ರಿಜ್ಜಿನಲ್ಲಿದ್ದರೆ ಮುಚ್ಚಿದ ಡಬ್ಬಿಯಲ್ಲೇ ಹೊರಗಿಟ್ಟು, ತಂಪು ಪೂರ್ತಿ ಹೋದ ಮೇಲೆ ಒಣ ಮಿಕ್ಸಿ ಜಾರಿಗೆ ಹಾಕಿ ನಿಲ್ಲಿಸಿ ನಿಲ್ಲಿಸಿ ನಾಲ್ಕೈದು ಸೆಕೆಂಡಿನಂತೆ ತಿರುಗಿಸಬೇಕು. ಒಂದೇ ಸಮನೆ ತಿರುಗಿಸಿದರೆ ಬಿಸಿಗೆ ಎಣ್ಣೆ ಬಿಟ್ಟುಕೊಂಡು ಪುಡಿಯ ಬದಲು ಮುದ್ದೆಯಾಗುತ್ತದೆ. ಪುಡಿಯನ್ನು ಜರಡಿ ಹಿಡಿದು, ತರಿ ಉಳಿದರೆ ಮತ್ತೊಮ್ಮೆ ಪುಡಿಮಾಡಿ. ದಪ್ಪ ತಳದ ಬಾಣಲೆಯಲ್ಲಿ ಸಕ್ಕರೆ, ನೀರು ಸೇರಿಸಿ ಒಂದೆಳೆ ಪಾಕ ಬರುವವರೆಗೆ ಕಾಯಿಸಿ, ಉರಿಯನ್ನು ಪೂರ್ತಿ ಸಣ್ಣಗೆ ಮಾಡಿ ಪುಡಿಯನ್ನು ಸುರಿದು ಗಂಟಾಗದಂತೆ ಕೈಯಾಡಿಸುತ್ತಿರಿ. ಐದರಿಂದ ಎಂಟು ನಿಮಿಷದಲ್ಲಿ ಮಿಶ್ರಣವು ಅಂಚು ಬಿಟ್ಟು ಒಂದು ಮುದ್ದೆಯಾಗಿ ಚಲಿಸತೊಡಗುತ್ತದೆ. ಆಗ ಚಿಟಿಕೆಯಷ್ಟನ್ನು ತಟ್ಟೆಗೆ ಹಾಕಿ, ಆರಿದ ಮೇಲೆ ಬೆರಳಲ್ಲಿ ಉರುಳಿಸಿ ನೋಡಿ. ಕೈಗೆ ಅಂಟದೆ ಉಂಡೆಯಾದರೆ ಒಲೆಯಿಂದ ಇಳಿಸುವ ಹೊತ್ತು. ಇಲ್ಲಿಯವರೆಗಿನದು ಕಾಜು ಕಟ್ಲಿ ಮಾಡಿ ಅಭ್ಯಾಸವಿದ್ದವರಿಗೆ ಹೊಸದೇನಲ್ಲ. ಕೈಗೆ ತಾಳುವಷ್ಟು ಆರಿದಾಗ ಪನ್ನೀರು, ತುಪ್ಪ ಸೇರಿಸಿ ನುಣುಪಾಗುವವರೆಗೆ ನಾದಬೇಕು. ಬಿರುಕು ಬಿಟ್ಟು ಉದುರುತ್ತಿದ್ದರೆ ಬಿಸಿನೀರನ್ನು ಅರ್ಧ ಚಮಚದಂತೆ ಸೇರಿಸಿ. ಹಾಲು ಹಾಕಿದರೆ ಬೇಗ ಕೆಡುತ್ತದೆ. ಅಂಟಂಟಾಗಿದ್ದರೆ ಮತ್ತೆ ಒಂದೆರಡು ನಿಮಿಷ ಸಣ್ಣ ಉರಿಯಲ್ಲಿ ಬಾಡಿಸಿ. ಬಣ್ಣಕ್ಕೆ ಬೀಟ್‌ರೂಟ್ ರಸ ಹಾಕುವ ಆಸೆ ಸಹಜ, ಆದರೆ ರಸದ ನೀರು ಹದವನ್ನು ಸಡಿಲಗೊಳಿಸುತ್ತದೆ. ಜೆಲ್ ರೂಪದ ತಿನ್ನುವ ಬಣ್ಣ ಒಂದು ಹನಿ ಸಾಕು, ಬಣ್ಣವಿಲ್ಲದ ಕೆನೆಬಿಳಿಯೂ ನನ್ನ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ.

ಕೇಕ್ ಸಾಮಾನಿನ ಅಂಗಡಿಗಳಲ್ಲಿ ಅರ್ಧ ಮೊಟ್ಟೆಯಾಕಾರದ ಪ್ಲಾಸ್ಟಿಕ್ ಅಚ್ಚುಗಳು ಸಿಗುತ್ತವೆ. ಸಿಗದಿದ್ದರೆ ಆಳವಾದ ಸ್ಟೀಲ್ ಚಮಚವೇ ಅಚ್ಚಾಗುತ್ತದೆ. ಒಳಗೆ ಐಸಿಂಗ್ ಸಕ್ಕರೆ ಉದುರಿಸಿ, ಕಣಕವನ್ನು ಐದಾರು ಮಿಲಿಮೀಟರ್ ದಪ್ಪಕ್ಕೆ ಒತ್ತಿ, ಅಂಚನ್ನು ಚಾಕುವಿನಿಂದ ಸಮ ಮಾಡಿ ಹೊರತೆಗೆಯಿರಿ. ಅರ್ಧಗಳನ್ನು ಫ್ಯಾನಿನಡಿ ಎರಡು ಮೂರು ಗಂಟೆ ಆರಲು ಬಿಡಿ. ಕರಾವಳಿಯ ತೇವದ ಗಾಳಿಯಲ್ಲಿ ಇಡೀ ರಾತ್ರಿ ಬೇಕಾಗಬಹುದು. ಬೇಗ ಗಟ್ಟಿಯಾಗಲೆಂದು ಫ್ರಿಜ್ಜಿಗೆ ಇಡಬೇಡಿ: ಹೊರತೆಗೆದ ಕೂಡಲೇ ತಣ್ಣನೆಯ ಮೈಮೇಲೆ ಗಾಳಿಯ ತೇವವೆಲ್ಲ ಹನಿಗಟ್ಟಿ, ಮೊಟ್ಟೆ ಬೆವರಿ, ಮೇಲಿನ ಐಸಿಂಗ್ ಕರಗಿ ಇಳಿಯುತ್ತದೆ. ಆರಿದ ಒಂದು ಅರ್ಧದೊಳಗೆ ಜೀರಿಗೆ ಪೆಪ್ಪರ್‌ಮಿಂಟ್ ತುಂಬಿ, ಅಂಚಿಗೆ ನೀರು ಸವರಿ ಇನ್ನೊಂದನ್ನು ಒತ್ತಿ ಕೂಡಿಸಿ. ಒಡೆದಾಗ ಉದುರುವ ಆ ಬಣ್ಣದ ಕಾಳುಗಳಿಗಾಗಿಯೇ ಮಕ್ಕಳು ಇಡೀ ಮೊಟ್ಟೆಯನ್ನು ಸಹಿಸಿಕೊಳ್ಳುತ್ತಾರೆ.

ಕೂಡಿಸಿದ ಗೆರೆಯನ್ನು ಮುಚ್ಚುವುದು ಐಸಿಂಗಿನ ಕೆಲಸ. 100 ಗ್ರಾಂ ಐಸಿಂಗ್ ಸಕ್ಕರೆಗೆ ಮೂರು ಟೀ ಚಮಚ ನೀರು, ಎರಡು ಹನಿ ನಿಂಬೆರಸ ಸೇರಿಸಿ ಕಲಸಿದರೆ ಎಳೆಯೆಳೆಯಾಗಿ ಬೀಳುವ ಹದ ಬರುತ್ತದೆ. ಬಟರ್ ಪೇಪರನ್ನು ಮೆಹಂದಿ ಕೋನಿನಂತೆ ಸುತ್ತಿ, ತುದಿಯನ್ನು ಕೂದಲೆಳೆಯಷ್ಟು ಕತ್ತರಿಸಿ ಒತ್ತಿದರಾಯಿತು. ಕನ್ನಡದಲ್ಲಿ ಹೆಸರು ಬರೆಯುವವರು ಒತ್ತಕ್ಷರಕ್ಕೆ ಜಾಗ ಉಳಿಯುವಂತೆ ಮೇಲಿನಿಂದ ಆರಂಭಿಸಬೇಕು. ಅಚ್ಯುತ, ಕ್ರಿಸ್ಟಿನಾಗಳಿಗೆ ದೊಡ್ಡ ಮೊಟ್ಟೆಯೇ ಬೇಕಾಗುತ್ತದೆ. ಮುಗಿದ ಮೊಟ್ಟೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ, ಒಂದಕ್ಕೊಂದು ತಾಗದಂತೆ ಇಟ್ಟರೆ ಭಾನುವಾರದವರೆಗೆ ಚಿಂತೆಯಿಲ್ಲ. ಹಂಚುವ ಮುನ್ನ ಯಾವ ಮಗುವಿಗಾದರೂ ಬೀಜಗಳ ಅಲರ್ಜಿ ಇದೆಯೇ ಎಂದು ಕೇಳುವುದನ್ನು ಮಾತ್ರ ಮರೆಯಬಾರದು.

ಶನಿವಾರದ ಬಣ್ಣ

ಈಸ್ಟರಿಗೆ ಮುಂಚಿನ ವ್ರತದ ಅವಧಿಯಾದ ತಪಸ್ಸುಕಾಲದ ನಲವತ್ತು ದಿನ ಮೊಟ್ಟೆ ತಿನ್ನದಿದ್ದ ಕಾಲದಲ್ಲಿ ಕೋಳಿಗಳು ಇಡುವುದನ್ನೇನೂ ನಿಲ್ಲಿಸುತ್ತಿರಲಿಲ್ಲ. ಕೂಡಿಬಿದ್ದ ಮೊಟ್ಟೆಗಳನ್ನು ಬೇಯಿಸಿ ಬಣ್ಣ ಕಟ್ಟಿ ಹಬ್ಬದಂದು ಹಂಚುವುದು ರೂಢಿಯಾಯಿತು. ಗ್ರೀಸಿನಲ್ಲಿ ಇಂದಿಗೂ ಕಡುಗೆಂಪು ಮೊಟ್ಟೆಗಳನ್ನು ಮಾಡಿ, ಇಬ್ಬರು ಎದುರುಬದುರು ನಿಂತು ಒಂದಕ್ಕೊಂದು ಕುಟ್ಟಿಸಿ, ಯಾರದು ಒಡೆಯುವುದಿಲ್ಲವೋ ಅವರು ಗೆದ್ದಂತೆ ಎಣಿಸುತ್ತಾರೆ. ಸಲಕರಣೆ ಬೇಡದ ಈ ಆಟ ನಮ್ಮ ಮಕ್ಕಳಿಗೂ ಹಿಡಿಸುತ್ತದೆ.

ಬಣ್ಣಕ್ಕೆ ಅಡುಗೆಮನೆಯ ಪದಾರ್ಥಗಳೇ ಸಾಕು. ಎಂಟು ಹತ್ತು ಈರುಳ್ಳಿಯ ಒಣಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಸೋಸಿದರೆ ಕಿತ್ತಳೆಯಿಂದ ಇಟ್ಟಿಗೆಗೆಂಪಿನವರೆಗಿನ ಬಣ್ಣ ಬರುತ್ತದೆ, ಮತ್ತು ಇದು ಎಂದೂ ಕೈಕೊಡದ ಬಣ್ಣ. ಅರಿಶಿನ ಕುದಿಸಿದ ನೀರು ಹಳದಿಗೆ. ಬೀಟ್‌ರೂಟಿನ ಮೇಲೆ ಹೆಚ್ಚು ಭರವಸೆ ಬೇಡ, ಪಾತ್ರೆಯಲ್ಲಿ ಕಂಡ ಕೆಂಪು ಚಿಪ್ಪಿನ ಮೇಲೆ ಮಸುಕು ಗುಲಾಬಿಯಾಗುತ್ತದೆ. ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ನೇರಳೆ ಎಲೆಕೋಸು. ಅರ್ಧ ಕೋಸನ್ನು ಹೆಚ್ಚಿ ಕುದಿಸಿದ ನೇರಳೆ ನೀರಿಗೆ ವಿನೆಗರ್ ಬಿದ್ದೊಡನೆ ಅದು ಗುಲಾಬಿಗೆ ತಿರುಗುತ್ತದೆ, ಆದರೆ ಅದರಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟ ಬಿಳಿ ಮೊಟ್ಟೆ ಹೊರಬರುವುದು ನೀಲಿಯಾಗಿ. ಕೋಸಿನಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯವು ಹುಳಿಯಲ್ಲಿ ಕೆಂಪಗೂ ಕ್ಷಾರದ ಕಡೆಗೆ ವಾಲಿದಂತೆ ನೀಲಿಯಾಗಿಯೂ ಕಾಣುತ್ತದೆ. ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ತನಗೆ ತಾಗಿದ ಹುಳಿಯನ್ನು ತಗ್ಗಿಸುವುದರಿಂದ ಅಲ್ಲಿ ನೀಲಿಯೇ ನಿಲ್ಲುತ್ತದೆ. ಅರಿಶಿನದಲ್ಲಿ ಅದ್ದಿದ ಮೊಟ್ಟೆಯನ್ನು ಒಣಗಿಸಿ ಕೋಸಿನ ನೀರಿಗೆ ಹಾಕಿದರೆ ಹಸಿರು ಸಿಗುತ್ತದೆ. ಕಂದು ಚಿಪ್ಪಿನ ನಾಟಿ ಮೊಟ್ಟೆಗಳಿಗೆ ಈರುಳ್ಳಿ ಸಿಪ್ಪೆ ಚೆನ್ನ. ತಿಳಿಬಣ್ಣಗಳಿಗೆ ಬಿಳಿ ಫಾರಂ ಮೊಟ್ಟೆಯೇ ಬೇಕು.

ಯಾವ ಬಣ್ಣವಾದರೂ ಸೋಸಿ ತಣಿಸಿದ ಮೇಲೆ ಒಂದು ಲೋಟಕ್ಕೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿ. ಅದು ಚಿಪ್ಪಿನ ಮೇಲ್ಮೈಯನ್ನು ತುಸುವೇ ಕೊರೆದು ಬಣ್ಣ ಹಿಡಿಯುವಂತೆ ಮಾಡುತ್ತದೆ; ಆಗ ಏಳುವ ಸಣ್ಣ ಗುಳ್ಳೆಗಳು ಇಂಗಾಲದ ಡೈಆಕ್ಸೈಡಿನವು. ಬಿಳಿ ಗೆರೆಗಳು ಬೇಕಾದರೆ ಬಣ್ಣಕ್ಕೆ ಅದ್ದುವ ಮೊದಲೇ ಮೇಣದ ಬತ್ತಿಯ ತುದಿಯಿಂದ ಬರೆಯಬೇಕು. ಎಲೆಯ ಅಚ್ಚು ಬೇಕಾದರೆ ಕೊತ್ತಂಬರಿ ಅಥವಾ ನುಗ್ಗೆಯ ಎಲೆಯನ್ನು ನೀರು ಸವರಿ ಚಿಪ್ಪಿಗೆ ಅಂಟಿಸಿ, ತೆಳು ಮಲ್ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ದಾರ ಕಟ್ಟಿ ಅದ್ದಬೇಕು. ಒಣಗಿದ ಮೇಲೆ ಒಂದು ಹನಿ ಎಣ್ಣೆಯಿಂದ ಒರೆಸಿದರೆ ಹೊಳಪು ಬರುತ್ತದೆ. ಹೋಳಿಯಲ್ಲಿ ಉಳಿದ ಬಣ್ಣವಾಗಲಿ ರಂಗೋಲಿ ಪುಡಿಯಾಗಲಿ ತಿನ್ನುವ ಮೊಟ್ಟೆಯ ಹತ್ತಿರ ಸುಳಿಯಬಾರದು, ಏಕೆಂದರೆ ಚಿಪ್ಪಿನಲ್ಲಿ ಬರಿಗಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿರುತ್ತವೆ.

ಬೇಯಿಸಿದ ಮೊಟ್ಟೆಯನ್ನು ಸಾಮಾನ್ಯವಾಗಿ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದೇ ಗಂಟೆ. ಫ್ರಿಜ್ಜಿನಲ್ಲಿ ವಾರದವರೆಗೆ ಇಡಬಹುದು. ಹೀಗಾಗಿ ಅಂಗಳದಲ್ಲಿ ಬಚ್ಚಿಟ್ಟು ಹುಡುಕಿಸುವ ಆಟಕ್ಕೆ ಟೊಳ್ಳು ಮೊಟ್ಟೆಗಳೇ ಸರಿ. ಹಸಿ ಮೊಟ್ಟೆಯನ್ನು ತೊಳೆದು ಎರಡೂ ತುದಿಗೆ ಸೂಜಿಯಿಂದ ರಂಧ್ರ ಮಾಡಿ, ಕೆಳಗಿನದನ್ನು ತುಸು ಹಿಗ್ಗಿಸಿ, ಒಳಗಿನ ಹಳದಿಯನ್ನು ಸೂಜಿಯಿಂದಲೇ ಒಡೆದು, ಸೂಜಿ ತೆಗೆದ ಸಿರಿಂಜಿನಿಂದ ಮೇಲಿನ ರಂಧ್ರಕ್ಕೆ ಗಾಳಿ ತಳ್ಳಿದರೆ ಎಲ್ಲವೂ ಹೊರಬರುತ್ತದೆ. ಬಾಯಿಂದ ಊದುವುದು ಹಳೆಯ ಕ್ರಮ, ಆದರೆ ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದಾದ್ದರಿಂದ ಅದು ಬೇಡ. ಒಳಗೆ ನೀರಾಡಿಸಿ, ಬಿಸಿಲಲ್ಲಿ ಒಣಗಿಸಿ, ಬೇಯಿಸಿದವುಗಳಂತೆಯೇ ಬಣ್ಣ ಹಾಕಿ. ಟೊಳ್ಳಾಗಿರುವುದರಿಂದ ಅವು ತೇಲುತ್ತವೆ, ಮೇಲೊಂದು ಬಟ್ಟಲನ್ನು ಹೇರಿ ಮುಳುಗಿಸಬೇಕು. ಹೊರತೆಗೆದ ಮೊಟ್ಟೆ ಅಂದಿನ ಆಮ್ಲೆಟ್ಟಿಗೆ ಹೋಗಲಿ.

ಬಚ್ಚಿಡುವಾಗ ಎಷ್ಟು, ಎಲ್ಲೆಲ್ಲಿ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಗೋಡಂಬಿ ಮೊಟ್ಟೆಗಳನ್ನು ಗಿಡದ ಬುಡದಲ್ಲಿಟ್ಟರೆ ಮಕ್ಕಳಿಗಿಂತ ಮೊದಲು ಇರುವೆಗಳೇ ಹುಡುಕಿಕೊಳ್ಳುತ್ತವೆ. ಅವನ್ನು ಮನೆಯೊಳಗೇ ಇಟ್ಟುಕೊಂಡು, ಟೊಳ್ಳು ಮೊಟ್ಟೆ ತಂದುಕೊಟ್ಟವರಿಗೆ ಬದಲಾಗಿ ಕೊಡುವುದು ಜಾಣತನ. ಕುಟ್ಟಾಟದಲ್ಲಿ ಬಿರುಕು ಬಿಟ್ಟ ಬೆಂದ ಮೊಟ್ಟೆಗಳನ್ನು ಆಟ ಮುಗಿದ ಕೂಡಲೇ ಸುಲಿದು, ಮಧ್ಯಾಹ್ನದ ಸಾರಿಗೆ ಹಾಕಬಹುದು.