ಗಾಜಿಯಾಂಟೆಪ್‌ಗೆ ಹೋದರೆ ತಿಂಡಿಗೆ ಹೊರಗೇ ಹೋಗಿ

ಟರ್ಕಿ ಪ್ರವಾಸ ಅಂದ್ರೆ ಇಸ್ತಾಂಬುಲ್ ಮಾತ್ರ ಅಲ್ಲ. ಊಟದ ಮೇಲೆ ಪ್ರೀತಿ ಇರುವವರು ಆಗ್ನೇಯದ ಗಾಜಿಯಾಂಟೆಪ್‌ಗೂ ಎರಡು ದಿನ ಇಟ್ಟುಕೊಳ್ಳಿ. 2015ರಲ್ಲಿ ಯುನೆಸ್ಕೊ ಅಲ್ಲಿನ ಅಡುಗೆಗೇ ಮನ್ನಣೆ ಕೊಟ್ಟಿದೆ.

ಹೋಟೆಲ್ ತಿಂಡಿ ಬಿಟ್ಟುಬಿಡಿ. ಮಾಂಸ ತಿನ್ನುವವರಿಗೆ ಬೆಯ್ರಾನ್ ಇದೆ. ಕುರಿಮಾಂಸ, ಅನ್ನ, ಬೆಳ್ಳುಳ್ಳಿ ಹಾಕಿದ ಖಾರದ ಸೂಪ್. ಅಲ್ಲಿಯವರು ಬೆಳಗ್ಗೆಯೇ ಕುಡಿಯುತ್ತಾರೆ. ಸಸ್ಯಾಹಾರಿಗಳು ಕತ್ಮೆರ್ ತಿನ್ನಿ. ಕಾಗದದಷ್ಟು ತೆಳ್ಳಗಿನ ಹಿಟ್ಟಿನ ಹಾಳೆಯೊಳಗೆ ಕೆನೆ, ಪಿಸ್ತಾ, ಸಕ್ಕರೆ ತುಂಬಿ ಮಡಚಿ ಬೇಯಿಸುತ್ತಾರೆ. ಮದುವೆಯ ಮರುದಿನ ಬೆಳಗ್ಗೆ ಹೊಸ ಜೋಡಿಗೆ ಇದನ್ನು ಕೊಡುವ ಪದ್ಧತಿಯೂ ಇದೆ. ಎಷ್ಟು ಚಂದ ಅಲ್ವಾ! ಬಿಸಿ ಇರುವಾಗಲೇ ತಿನ್ನಬೇಕು. ಒಂದು ತಗೊಂಡರೆ ಇಬ್ಬರಿಗೆ ಸಾಕು.

ಪದರ ಪದರದ ಸಿಹಿ ತಿನಿಸು ಬಕ್ಲಾವಾ ಕೊಳ್ಳುವಾಗ ಒಳಗಿನ ಪಿಸ್ತಾ ಬಣ್ಣ ನೋಡಿ. ಪೂರ್ತಿ ಬಲಿಯುವ ಮೊದಲೇ ಕೊಯ್ದ ಪಿಸ್ತಾ ಕಡು ಹಸಿರು, ಪರಿಮಳವೂ ಜಾಸ್ತಿ. ಊರಿಗೆ ತರುವುದಾದರೆ 'ಕುರು ಬಕ್ಲಾವಾ' ಕೇಳಿ. ಅದರಲ್ಲಿ ಪಾಕ ಕಡಿಮೆ, ಹೆಚ್ಚು ದಿನ ಉಳಿಯುತ್ತದೆ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಮೆತ್ತಗಾಗುತ್ತದೆ.

ಇನ್ನೊಂದು ಮಾತು. ಒಣಗಿಸಿದ ಬದನೆಕಾಯಿಯ ದೋಲ್ಮಾ (ಹೂರಣ ತುಂಬಿ ಬೇಯಿಸಿದ ತರಕಾರಿ) ನೋಡೋಕೆ ಬರೀ ತರಕಾರಿ, ಆದರೆ ಒಳಗೆ ಸಾಮಾನ್ಯವಾಗಿ ಮಾಂಸ ಇರುತ್ತದೆ. ಮಾಂಸ ಬೇಡದವರು 'ಎತ್‌ಸಿಜ್' ಅಂತ ಹೇಳಿ, ಖಚಿತ ಮಾಡಿಕೊಂಡೇ ತಗೊಳ್ಳಿ.