ಹಲ್ಲು ಸವೆದ ಗರಗಸದಿಂದ ಚಾಕು: ಉಕ್ಕು ಆರಿಸುವುದು ಹೇಗೆ?

ವರ್ಕ್‌ಶಾಪಿನಲ್ಲಿ ಕಬ್ಬಿಣದ ಸರಳು ಕೊಯ್ಯುವ ಪವರ್ ಹ್ಯಾಕ್ಸಾ ನೋಡಿದ್ದೀರಲ್ವಾ? ಹಲ್ಲು ಸವೆದರೆ ಅದರ ಬ್ಲೇಡು ಗುಜರಿಗೆ ಹೋಗುತ್ತದೆ. ಚಾಕು ಮಾಡುವವರಿಗೆ ಅದೇ ಚಿನ್ನ. ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ ತರಬೇಡಿ.

ಮೊದಲು ಬ್ಲೇಡಿನ ಮೇಲಿನ ಅಕ್ಷರ ಓದಿ. ಎಚ್‌ಎಸ್‌ಎಸ್ ಅಂದರೆ ಹೈಸ್ಪೀಡ್ ಸ್ಟೀಲ್, ಕೊಯ್ಯುವಾಗ ಕಾದರೂ ಗಡಸು ಬಿಡದ ಉಕ್ಕು. ಹಳೆಯ ಟಿ1 ಜಾತಿಯಲ್ಲಿ ಟಂಗ್‌ಸ್ಟನ್ ಶೇ 18ರಷ್ಟಿರುತ್ತದೆ. ಎಂ2ರಲ್ಲಿ ಟಂಗ್‌ಸ್ಟನ್ ಶೇ 6, ಮಾಲಿಬ್ಡಿನಮ್ ಶೇ 5ರ ಆಸುಪಾಸು. ಎರಡೂ ಚಾಕುವಿಗೆ ಆಗುತ್ತವೆ. ಕೋಬಾಲ್ಟ್ ಸೇರಿಸಿದ ಎಂ35, ಎಂ42ಗೆ ಜಾಸ್ತಿ ದುಡ್ಡು ಕೊಡಬೇಡಿ. ಕೋಬಾಲ್ಟ್ ಇರುವುದು ಕಾದಾಗಲೂ ಗಡಸು ಉಳಿಯಲಿ ಅಂತ. ಸೌತೆಕಾಯಿ ಹೆಚ್ಚುವಾಗ ಅಂಥ ಕಾವೇನೂ ಹುಟ್ಟುವುದಿಲ್ಲ!

ಎಲ್ಲರೂ ಮೋಸ ಹೋಗುವುದು ಬೈಮೆಟಲ್ ಬ್ಲೇಡಿನಲ್ಲಿ. ಅದರಲ್ಲಿ ಎಚ್‌ಎಸ್‌ಎಸ್ ಇರುವುದು ಹಲ್ಲಿನ ಅಂಚಿಗೆ ಬೆಸೆದ ಸಣ್ಣ ಪಟ್ಟಿಯಲ್ಲಿ ಮಾತ್ರ. ಬೆನ್ನು ಬೇರೆ ಉಕ್ಕು. ಹಲ್ಲು ಉಜ್ಜಿ ತೆಗೆದಿರೋ, ಕಾಸು ಕೊಟ್ಟಿದ್ದೇ ಸಾಣೆಗೆ ಹೋಯಿತು. ಎಚ್‌ಎಸ್‌ಎಸ್ ಜೊತೆಗೆ ‘ಆಲ್ ಹಾರ್ಡ್’ ಅಂತಲೂ ಬರೆದಿದ್ದರೆ ಇಡೀ ಬ್ಲೇಡು ಎಚ್‌ಎಸ್‌ಎಸ್.

ಅಕ್ಷರ ಅಳಿಸಿಹೋಗಿದ್ದರೆ? ಗ್ರೈಂಡರಿಗೆ ಹಲ್ಲಿನ ಕಡೆ ಒಮ್ಮೆ, ಬೆನ್ನಿನ ಕಡೆ ಒಮ್ಮೆ ತಾಗಿಸಿ, ಕಿಡಿ ನೋಡಿ. ಅರಕ್ಕೆ (ಫೈಲ್) ಬಳಸುವಂಥ ಸಾದಾ ಕಾರ್ಬನ್ ಉಕ್ಕಿನ ಕಿಡಿ ಸುರುಸುರು ಬತ್ತಿಯ ಹಾಗೆ ಬೆಳ್ಳಗೆ ಸಿಡಿದು ಕವಲೊಡೆಯುತ್ತದೆ. ಎಚ್‌ಎಸ್‌ಎಸ್ ಕಿಡಿ ಮಂಕು, ಕೆಂಪು ಬಣ್ಣ, ಹೂವು ಬಿಡುವುದು ಕಮ್ಮಿ. ಎರಡೂ ಅಂಚಿನಲ್ಲಿ ಮಂಕು ಕಿಡಿ ಬಂದರೆ ಮಾತ್ರ ಮನೆಗೆ ತನ್ನಿ. ಮನೆಯಲ್ಲೊಂದು ಹಳೆ ಅರವಿದ್ದರೆ ಜೊತೆಗೆ ಒಯ್ಯಿರಿ, ಪಕ್ಕದಲ್ಲೇ ಹೋಲಿಸಿ ನೋಡಬಹುದು. ಕಣ್ಣಿಗೆ ಕನ್ನಡಕ ಇರಲಿ.

ಇದನ್ನು ಕುಲುಮೆಗೆ ಹಾಕುವ ಯೋಚನೆ ಬಿಡಿ. ಹದ ಕೊಡಲು ಸುಮಾರು 1200 ಡಿಗ್ರಿ ಕಾವು ಬೇಕು, ಆಮೇಲೆ 550 ಡಿಗ್ರಿಯಲ್ಲಿ ಮತ್ತೆ ಮತ್ತೆ ಕಾಯಿಸಬೇಕು. ಇದ್ದಿಲ ಬೆಂಕಿಯಲ್ಲಿ ಅಷ್ಟು ಕರಾರುವಾಕ್ಕಾಗಿ ಮಾಡುವುದು ಆಗದ ಮಾತು. ಕಾರ್ಖಾನೆಯವರು ಕೊಟ್ಟ ಹದವನ್ನೇ ಉಳಿಸಿಕೊಂಡು, ಬರೀ ಉಜ್ಜಿ ಆಕಾರ ತನ್ನಿ. ಈ ಉಕ್ಕಿನ ದೊಡ್ಡ ಅನುಕೂಲ ಇಲ್ಲೇ ಇದೆ. ಕಾರ್ಬನ್ ಉಕ್ಕು ಗ್ರೈಂಡರಿನಲ್ಲಿ ನೀಲಿಗೆ ತಿರುಗಿದರೆ ಹದ ಹೋಯಿತು ಅಂತಲೇ ಲೆಕ್ಕ. ಎಚ್‌ಎಸ್‌ಎಸ್‌ಗೆ ಆ ಭಯ ಇಲ್ಲ. ಆದರೆ ಚೆನ್ನಾಗಿ ಕಾದಿರುವಾಗ ನೀರಿಗೆ ಅದ್ದಬೇಡಿ, ಕೂದಲೆಳೆಯಂಥ ಬಿರುಕು ಬೀಳುತ್ತದೆ. ಗಾಳಿಗೆ ಹಿಡಿದು ಆರಲು ಬಿಡಿ.

ಹಿಡಿಗೆ ತೂತು ಕೊರೆಯುವುದು ಕಷ್ಟ. ಡ್ರಿಲ್ ಬಿಟ್ಟೂ ಇದೇ ಉಕ್ಕಿನದು, ಹೇಗೆ ಕೊರೆದೀತು? ಬ್ಲೇಡಿನ ತುದಿಯಲ್ಲಿ ಮೊದಲೇ ಇರುವ ತೂತನ್ನೇ ಬಳಸಿ, ಮರದ ಹಿಡಿಯನ್ನು ಎಪಾಕ್ಸಿಯಲ್ಲಿ ಅಂಟಿಸಿ. ಇನ್ನೂ ತೂತು ಬೇಕೆಂದರೆ ಇದಕ್ಕಿಂತ ಗಡಸಾದ ಕಾರ್ಬೈಡ್ ಬಿಟ್ ತರಬೇಕು.

ಬಾಯಿ ಹರಿತ ಮಾಡಲು ಡೈಮಂಡ್ ಪ್ಲೇಟ್ ಒಳ್ಳೆಯದು. ಸಾದಾ ಸಾಣೆಕಲ್ಲಿನಲ್ಲಿ ಕೂತರೆ ತಾಳ್ಮೆ ಮೊದಲು ಸವೆಯುತ್ತದೆ. ಒಮ್ಮೆ ಹರಿತವಾಯಿತೋ, ಬೇಗ ಮೊಂಡಾಗುವುದಿಲ್ಲ.

ತರಕಾರಿಗೆ, ಮರ ಕೆತ್ತಲು ಇಂಥ ಚಾಕು ಸೊಗಸು. ಮೂಳೆ ಕಡಿಯಲು, ತೆಂಗಿನಕಾಯಿ ಒಡೆಯಲು ಬೇಡ. ನಾನೊಮ್ಮೆ ಡಬ್ಬದ ಮುಚ್ಚಳ ಮೀಟಲು ಹೋಗಿದ್ದೆ. ಟಕ್ ಅಂತ ಅರ್ಧ ಇಂಚು ಮೂತಿ ಹಾರಿ ಒಲೆ ಪಕ್ಕ ಬಿತ್ತು. ಇದು ಬಾಗುವುದಿಲ್ಲ, ಮುರಿಯುತ್ತದೆ. ಕ್ರೋಮಿಯಂ ಶೇ 4ರಷ್ಟೇ ಇರುವುದರಿಂದ ತುಕ್ಕೂ ಹಿಡಿಯುತ್ತದೆ. ಹುಣಸೆಹಣ್ಣು, ನಿಂಬೆಹಣ್ಣು ಮುಟ್ಟಿಸಿದ ಮೇಲೆ ತೊಳೆದು ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡಿ.